ಸಂಘದ ಗ್ರಂಥಾಲಯಕ್ಕೆ ಶೋಜೋ ಮಾಂಗಾ ಏಕೆ ಬೇಕು?

ನಮ್ಮ ಸಂಘದ ಗ್ರಂಥಾಲಯ ಉಪಸಮಿತಿಯ ಹಿಂದಿನ ಸಭೆಯಲ್ಲಿ ಮಕ್ಕಳ ವಿಭಾಗಕ್ಕೆಂದು ನಾನು ಹನ್ನೆರಡು ಪುಸ್ತಕಗಳ ಪಟ್ಟಿಯೊಂದನ್ನು ಮಂಡಿಸಿದೆ. ಎಲ್ಲವೂ ಜಪಾನಿನ ಶೋಜೋ ಮಾಂಗಾಗಳ ಇಂಗ್ಲಿಷ್ ಅನುವಾದಗಳು. ಶೋಜೋ ಎಂದರೆ ಹುಡುಗಿ, ಮಾಂಗಾ ಎಂದರೆ ಚಿತ್ರಕಥೆ. ಹಿರಿಯ ಸದಸ್ಯರೊಬ್ಬರು ಪಟ್ಟಿಯ ಮೇಲೆ ಕಣ್ಣಾಡಿಸಿ, “ಏನು ಸ್ವಾಮಿ, ಮಕ್ಕಳ ಕೈಗೆ ಮಂಗನ ಪುಸ್ತಕ ಕೊಡುತ್ತೀರೇನು?” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಮೂರು ಆಕ್ಷೇಪಗಳು ಬಂದವು. ಇವು ಪ್ರೇಮಕಥೆಗಳು, ಇವು ದೆವ್ವದ ಕಥೆಗಳು, ಇವು ಕನ್ನಡದವಲ್ಲ. ಪ್ರಸ್ತಾವವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಅಂದು ನಾನು ಸಮರ್ಪಕವಾಗಿ ಉತ್ತರಿಸಲಿಲ್ಲ. ಆ ಉತ್ತರವನ್ನು ಇಲ್ಲಿ ಸದಸ್ಯರೆಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. ಈ ಮೂರೂ ಆಕ್ಷೇಪಗಳನ್ನು ಬಹಳ ಹಿಂದೆಯೇ ಎತ್ತಿದವನು ನಾನು. 2012ರಲ್ಲಿ ನನಗೆ ದಿಲ್ಲಿಗೆ ವರ್ಗವಾಯಿತು. ನಾಗಪುರ, ಗುವಾಹಟಿ, ಅಹಮದಾಬಾದುಗಳ ನಂತರ ನನ್ನ ಮಗಳಿಗೆ ಅದು ನಾಲ್ಕನೆಯ ಶಾಲೆ. ಆಗ ಅವಳು ಒಂಬತ್ತನೆಯ ತರಗತಿ. ಸಾಮಾನು ಕಟ್ಟುವಾಗ ಅವಳ ಕಪಾಟಿನಲ್ಲಿದ್ದ ಇಪ್ಪತ್ತೈದು ಮಾಂಗಾ ಸಂಪುಟಗಳನ್ನು, ಅವಳು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಹಳೆಯ ಪತ್ರಿಕೆಗಳೊಡನೆ ರದ್ದಿಯವನಿಗೆ ತೂಗಿ ಕೊಟ್ಟೆ. ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಿದ ತಂದೆಯ ಮನೆಯಲ್ಲಿ ಇಂಥ ಕಸ ಇರಬಾರದೆಂಬುದು ನನ್ನ ನಿಲುವಾಗಿತ್ತು. ಅವಳು ಅಳಲಿಲ್ಲ. “ಆಯ್ತಪ್ಪ” ಎಂದಳು. ಆಮೇಲೆ ತಾನು ಏನನ್ನು ಓದುತ್ತಿದ್ದೇನೆಂದು ನನಗೆ ಎಂದೂ ಹೇಳಲಿಲ್ಲ.

ಅವಳ ಶಾಲೆಯ ಚೀಲದಲ್ಲಿದ್ದ ಒಂದು ಸಂಪುಟ ಮಾತ್ರ ಉಳಿದಿತ್ತು. 2020ರ ಲಾಕ್‌ಡೌನಿನ ದಿನಗಳಲ್ಲಿ ಅದು ನನ್ನ ಕೈಗೆ ಸಿಕ್ಕಿತು. ನಾನು ತೆರೆದದ್ದು ಅದರ ಕೊನೆಯ ಪುಟವನ್ನು. ಜಪಾನಿ ಕ್ರಮದಂತೆ ಬಲದಿಂದ ಎಡಕ್ಕೆ ಓದಬೇಕೆಂಬ ಸೂಚನೆ ಅಲ್ಲಿತ್ತು. ಕಚೇರಿಯ ಕಡತಗಳನ್ನು ಹಿಂದಿನಿಂದ ಓದಿ ಅಭ್ಯಾಸವಾದವನಿಗೆ ಇದೇನೂ ಕಷ್ಟವಾಗಲಿಲ್ಲ.

ಅದು ಯೂಕಿ ಮಿದೋರಿಕಾವಾ ಅವರ ‘ನಾತ್ಸುಮೆ ಯೂಜಿನ್‌ಚೋ’ದ ಮೊದಲ ಸಂಪುಟ. ನಾತ್ಸುಮೆ ಎಂಬ ಅನಾಥ ಹುಡುಗನಿಗೆ ಯೋಕಾಯ್‌ಗಳು, ಅಂದರೆ ಜಪಾನಿನ ಕಾಡು, ಹೊಳೆ, ಹಳೆಯ ಗುಡಿಗಳ ಭೂತಗಳು, ಕಣ್ಣಿಗೆ ಕಾಣುತ್ತವೆ. ಬೇರೆಯವರಿಗೆ ಕಾಣವು. ಆದ್ದರಿಂದ ಅವನನ್ನು ಸುಳ್ಳುಗಾರನೆಂದು ಒಬ್ಬ ನೆಂಟನ ಮನೆಯಿಂದ ಇನ್ನೊಬ್ಬನ ಮನೆಗೆ ಸಾಗಿಸುತ್ತಾರೆ. ಪ್ರತಿಸಲವೂ ಹೊಸ ಊರು, ಹೊಸ ಶಾಲೆ, ಯಾರಿಗೂ ಹೊರೆಯಾಗಬಾರದೆಂದು ಕಲಿತುಕೊಂಡ ಒಂದು ಮುಗುಳ್ನಗೆ. ಆ ಪುಟದಲ್ಲಿ ನಾನು ಪುಸ್ತಕವನ್ನು ಮುಚ್ಚಿದೆ. ವರ್ಗಾವಣೆಯ ಆದೇಶಗಳನ್ನು ಮನೆಗೆ ತಂದವನು ನಾನು. ನಾಲ್ಕು ಶಾಲೆಗಳ ಬಗ್ಗೆ ಮಗಳು ನನಗೆ ಹೇಳದೇ ಇದ್ದುದು ಆ ಪುಸ್ತಕದಲ್ಲಿತ್ತು.

ಅವನಿಗೆ ಅಜ್ಜಿ ಬಿಟ್ಟುಹೋದ ಆಸ್ತಿಯೆಂದರೆ ಒಂದು ಪುಸ್ತಕ. ಅವಳು ಸ್ಪರ್ಧೆಗಳಲ್ಲಿ ಸೋಲಿಸಿದ ಯೋಕಾಯ್‌ಗಳ ಹೆಸರುಗಳು ಅದರಲ್ಲಿವೆ. ಹೆಸರು ಯಾರ ಕೈಯಲ್ಲಿದೆಯೋ ಅವರಿಗೆ ಅವು ಅಧೀನ. ಮೊಮ್ಮಗ ಆ ಅಧಿಕಾರವನ್ನು ಚಲಾಯಿಸುವುದಿಲ್ಲ. ಹಾಳೆಗಳನ್ನು ಒಂದೊಂದಾಗಿ ಹರಿದು ಹೆಸರುಗಳನ್ನು ಹಿಂದಿರುಗಿಸುತ್ತಾನೆ. ಹಿಂದಿರುಗಿಸುವಾಗಲೆಲ್ಲ ಅಜ್ಜಿಯ ಬಾಳಿನ ಒಂದು ತುಣುಕು ಅವನಿಗೆ ಕಾಣುತ್ತದೆ.

ಇಲ್ಲಿ ಶೋಜೋ ಮಾಂಗಾದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಒಸಾಮು ತೆಜುಕಾ 1953ರಲ್ಲಿ ‘ಶೋಜೋ ಕ್ಲಬ್’ ಪತ್ರಿಕೆಯಲ್ಲಿ ‘ರಿಬೊನ್ ನೊ ಕಿಶಿ’ಯನ್ನು ಆರಂಭಿಸಿದಾಗ ಹುಡುಗಿಯರಿಗಾಗಿ ಬರೆಯುತ್ತಿದ್ದವರಲ್ಲಿ ಗಂಡಸರೇ ಹೆಚ್ಚು. 1970ರ ದಶಕದಲ್ಲಿ ಚಿತ್ರ ಬದಲಾಯಿತು. ಮೊತೊ ಹಾಗಿಯೊ, ಕೇಯ್ಕೊ ತಾಕೆಮಿಯಾ, ರಿಯೊಕೊ ಯಾಮಾಗಿಶಿ ಮೊದಲಾದ ತರುಣಿಯರು ಈ ಪ್ರಕಾರವನ್ನು ತಮ್ಮದಾಗಿಸಿಕೊಂಡರು. ಇವರಲ್ಲಿ ಅನೇಕರು ಶೋವಾ ಶಕೆಯ 24ನೆಯ ವರ್ಷ, ಅಂದರೆ 1949ರ ಆಸುಪಾಸಿನಲ್ಲಿ ಹುಟ್ಟಿದ್ದರಿಂದ ‘24ರ ಬಳಗ’ ಎಂಬ ಹೆಸರು ಬಂತು. ಚೌಕಗಳ ಅಂಚುಗಳು ಕರಗಿದವು. ಬಾಯಿಯಿಂದ ಹೊರಡದ ಮಾತು ಗುಳ್ಳೆಯ ಹೊರಗೆ, ಪುಟದ ಬಿಳಿಯಲ್ಲಿ ತೇಲತೊಡಗಿತು. ಹೊರಗಿನ ಘಟನೆಗಿಂತ ಒಳಗಿನ ತಳಮಳವನ್ನು ಚಿತ್ರಿಸುವ ವಿಧಾನವೊಂದು ಹೀಗೆ ರೂಪುಗೊಂಡಿತು. ಹಾಗಿಯೊ ಅವರ ‘ಪೋ ನೊ ಇಚಿಜೊಕು’ 1972ರಲ್ಲಿ ಆರಂಭವಾಯಿತು. ಬೆಳೆಯಲಾರದ, ಸಾಯಲಾರದ ರಕ್ತಪಿಪಾಸು ಬಾಲಕರ ಕಥೆಯದು. ಶತಮಾನಗಳಾಚೆಗೂ ಹದಿನಾಲ್ಕರಲ್ಲೇ ನಿಂತ ಹುಡುಗನ ದುಃಖದ ಮುಂದೆ ಅದರ ಭಯಾನಕತೆ ಹಿಂದೆ ಸರಿಯುತ್ತದೆ. 2019ರಲ್ಲಿ ಜಪಾನ್ ಸರ್ಕಾರ ಈ ಲೇಖಕಿಯನ್ನು ಸಾಂಸ್ಕೃತಿಕ ಸಾಧಕರ ಸಾಲಿಗೆ ಸೇರಿಸಿ ಗೌರವಿಸಿತು.

ಈಗ ಆಕ್ಷೇಪಗಳಿಗೆ ಬರೋಣ. ಪ್ರೇಮಕಥೆ ಹಗುರವೆಂಬ ಮಾತು ನಮಗೆ ಹೊಸತಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ನವ್ಯದ ಪ್ರಭಾವದಲ್ಲಿ ಬೆಳೆದ ನಾವೆಲ್ಲ ಮಹಿಳೆಯರ ಕಾದಂಬರಿಗಳೆಂದರೆ ಮೂಗು ಮುರಿಯುತ್ತಿದ್ದೆವು. 1963ರಲ್ಲಿ ಕೇವಲ ಮೂವತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡ ತ್ರಿವೇಣಿಯವರು ‘ಶರಪಂಜರ’ದಲ್ಲಿ ಹೆಣ್ಣಿನ ಮನೋವ್ಯಾಧಿಯನ್ನೂ ಅವಳ ಸುತ್ತಲಿನವರ ಕ್ರೌರ್ಯವನ್ನೂ ತೋರಿಸಿದ್ದರು. ನಮ್ಮ ತಾಯಂದಿರು ಅದನ್ನು ಓದಿ ಅರ್ಥಮಾಡಿಕೊಂಡಿದ್ದರು. ನಾವು ಓದದೆಯೇ ತಿರಸ್ಕರಿಸಿದ್ದೆವು. ಓದುಗರು ಹೆಂಗಸರು ಎಂಬ ಕಾರಣಕ್ಕೆ ಪುಸ್ತಕವನ್ನು ಕಡೆಗಣಿಸುವ ಅದೇ ಚಾಳಿ ಇಂದು ಮಾಂಗಾದ ವಿಷಯದಲ್ಲಿ ಮುಂದುವರಿದಿದೆ.

ಎರಡನೆಯದು ದೆವ್ವದ ಕಥೆ. ಗಂಡನ ರೂಪ ತಾಳಿ ಬರುವ ಹಾವನ್ನು ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ ರಂಗಕ್ಕೆ ತಂದಾಗ ನಾವು ಚಪ್ಪಾಳೆ ತಟ್ಟಿದೆವು. ಪ್ರೇಮ ಮತ್ತು ಅಲೌಕಿಕ ಅಲ್ಲಿಯೂ ಒಂದೇ ಹೆಣಿಗೆ. ನಮ್ಮ ತಾಯಿ ಮಲೆನಾಡಿನವರು. ಮನೆಯ ಹಿಂದಿನ ಚೌಡಿ ಬನದಿಂದ ಹಿಡಿದು ಗದ್ದೆಯಂಚಿನ ಜಟ್ಟಿಗನವರೆಗೆ ಯಾರು ಎಲ್ಲಿರುತ್ತಾರೆ, ಯಾರಿಗೆ ಏನು ಸಲ್ಲಬೇಕು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ರಜೆಯಲ್ಲಿ ಊರಿಗೆ ಹೋದಾಗ ಮೊಮ್ಮಗಳಿಗೆ ಹೇಳುತ್ತಿದ್ದರು. ಮೂಢನಂಬಿಕೆ ಕಲಿಸಬೇಡಿ ಎಂದು ಅದನ್ನೂ ತಡೆದವನು ನಾನೇ. ಅಜ್ಜಿಯ ಹೆಸರುಗಳ ಪುಸ್ತಕ ಅವಳಿಗೆ ಜಪಾನಿನಿಂದ ಬರಬೇಕಾಯಿತು.

ಮೂರನೆಯದು, ಇವು ಕನ್ನಡದವಲ್ಲ ಎಂಬುದು. ನಿಜ. ಆದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಮುಂಬಯಿಯಲ್ಲಿ ಅಮರ ಚಿತ್ರ ಕಥಾ ಮಾಲೆಯನ್ನು ಕಟ್ಟತೊಡಗಿದಾಗ ಚಿತ್ರಕಥೆಯೆಂಬ ರೂಪ ಹೊರಗಿನಿಂದ ಬಂದದ್ದು ಎಂದು ಹಿಂಜರಿಯಲಿಲ್ಲ. ಕನ್ನಡ ಓದಲು ತಡವರಿಸುವ ನಮ್ಮ ಹೊರನಾಡಿನ ಮಕ್ಕಳು ಗ್ರಂಥಾಲಯದ ಮೆಟ್ಟಿಲನ್ನೇ ಹತ್ತದಿದ್ದರೆ, ಪಕ್ಕದ ಕಪಾಟಿನಲ್ಲಿರುವ ತ್ರಿವೇಣಿ ಅವರ ಕಣ್ಣಿಗೆ ಬೀಳುವುದಾದರೂ ಹೇಗೆ?

ಹೀಗೆಂದು ಎಲ್ಲವನ್ನೂ ಶಿಫಾರಸು ಮಾಡುವವನು ನಾನಲ್ಲ. ಬಲಾತ್ಕಾರವನ್ನೇ ಅನುರಾಗವೆಂದು ಬಿಂಬಿಸುವ, ಶಿಕ್ಷಕ ಮತ್ತು ವಿದ್ಯಾರ್ಥಿನಿಯ ಸಂಬಂಧವನ್ನು ವೈಭವೀಕರಿಸುವ ಕೃತಿಗಳು ಇದರಲ್ಲಿ ಉಂಟು. ಜಪಾನಿನಲ್ಲಿ ಪತ್ರಿಕೆಗಳೇ ವಯಸ್ಸಿಗೆ ತಕ್ಕಂತೆ ಬೇರೆಬೇರೆ. ‘ನಾಕಾಯೊಶಿ’, ‘ರಿಬೊನ್’ಗಳು ಕಿರಿಯರಿಗೆ, ‘ಹಾನಾ ತೊ ಯುಮೆ’, ‘ಲಾಲಾ’ಗಳು ಹದಿಹರೆಯದವರಿಗೆ. ನಮ್ಮ ಅಂಗಡಿಗಳಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಆದ್ದರಿಂದಲೇ ಓದಿ ಆರಿಸಿ ಕೊಡುವ ಹಿರಿಯರು ಬೇಕು. ನನ್ನ ಇಲಾಖಾ ಜೀವನದಲ್ಲಿ ಕಡತ ಓದದೆ ಶಿಫಾರಸು ಮಾಡುವವರನ್ನೂ ಓದದೆ ತಳ್ಳಿಹಾಕುವವರನ್ನೂ ಕಂಡಿದ್ದೇನೆ. ಇಬ್ಬರಿಂದಲೂ ಆಗುವ ಹಾನಿ ಒಂದೇ.

ಹತ್ತರಿಂದ ಹನ್ನೆರಡರ ಮಕ್ಕಳಿಗೆ ನಾತ್ಸುಮೆ ಸಾಕು. ಅದರಲ್ಲಿ ಪ್ರೇಮಕ್ಕಿಂತ ಸ್ನೇಹವೇ ಹೆಚ್ಚು. ಅದೇ ಲೇಖಕಿಯ ‘ಹೋತಾರುಬಿ ನೊ ಮೊರಿ ಎ’ ಒಂದು ಪುಟ್ಟ ಕಥೆ. ಮನುಷ್ಯರು ಮುಟ್ಟಿದರೆ ಇಲ್ಲವಾಗುವ ಹುಡುಗನನ್ನು ಪ್ರತಿ ಬೇಸಿಗೆಯಲ್ಲೂ ಕಾಡಿನಲ್ಲಿ ಕಾಣುವ ಹುಡುಗಿ, ಮುಟ್ಟದೆಯೇ ಪ್ರೀತಿಸುವುದನ್ನು ಕಲಿಯುತ್ತಾಳೆ. 2011ರಲ್ಲಿ ಚಲನಚಿತ್ರವಾಗಿಯೂ ಬಂದ ಇದನ್ನು ಮೊದಲು ಚಿತ್ರದಲ್ಲಿ ನೋಡಿದರೂ ಸರಿ. ಹದಿನಾಲ್ಕು ದಾಟಿದವರಿಗೆ ನಾತ್ಸುಕಿ ತಾಕಾಯಾ ಅವರ ‘ಫ್ರೂಟ್ಸ್ ಬಾಸ್ಕೆಟ್’. 1998ರಿಂದ 2006ರವರೆಗೆ ಬಂದ ಈ ಕೃತಿಯಲ್ಲಿ ಹನ್ನೆರಡು ರಾಶಿಪ್ರಾಣಿಗಳ ಶಾಪ ಹೊತ್ತ ಮನೆತನವೊಂದಿದೆ. ದೇವರ ಔತಣ ತಪ್ಪಿಸಿಕೊಂಡ ಬೆಕ್ಕಿನ ಪಾಲಿನವನು ಆ ಮನೆಗೂ ಹೊರಗಿನವನು. ಆರಂಭದ ಹಾಸ್ಯ ಕೆಲವೆಡೆ ಎಳೆದಂತಿದೆ. ಮನೆಯೊಳಗಿನ ಹಿಂಸೆಯ ಚಿತ್ರಣವೂ ಇದೆ. ಈ ಎರಡನ್ನೂ ಮೊದಲೇ ಹೇಳಿ ಕೊಡಬೇಕು.

ಕೊನೆಯದಾಗಿ ಹೆತ್ತವರಿಗೆ ಒಂದು. ಹಾಗಿಯೊ 1992ರಲ್ಲಿ ಬರೆದ ‘ಇಗುವಾನಾ ನೊ ಮುಸುಮೆ’ಯಲ್ಲಿ ತಾಯಿಯೊಬ್ಬಳ ಕಣ್ಣಿಗೆ ತನ್ನ ಹಿರಿಯ ಮಗಳು ಉಡದಂಥ ಪ್ರಾಣಿಯಾಗಿ ಕಾಣುತ್ತಾಳೆ. ಲೋಕಕ್ಕೆ ಅವಳು ಸುಂದರ ಹುಡುಗಿ. ಆದರೆ ತಾಯಿಯ ನೋಟವನ್ನೇ ನಂಬಿದ ಮಗಳಿಗೆ ಕನ್ನಡಿಯಲ್ಲೂ ಉಡವೇ ಕಾಣುತ್ತದೆ. ಈ ಕಥೆಯನ್ನು ನನಗೆ ಸೂಚಿಸಿದವಳು ನನ್ನ ಮಗಳು. ಈಗ ಅವಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ರದ್ದಿಗೆ ಹಾಕಿದ್ದು ತಪ್ಪಾಯಿತೆಂದು ನಾನು ಕೊನೆಗೂ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪ, ಹಾಗಿದ್ದರೆ ಇದನ್ನೂ ಓದಿ” ಎಂದಳು. ಸಮಿತಿಯ ಮುಂದೆ ನಾನಿಟ್ಟ ಹನ್ನೆರಡರ ಪಟ್ಟಿ ಅವಳು ಮಾಡಿಕೊಟ್ಟದ್ದು. ಪ್ರತಿಯೊಂದರ ಮುಂದೆ ಯಾವ ವಯಸ್ಸಿಗೆ, ಏನು ಎಚ್ಚರಿಕೆ ಎಂದು ಅವಳ ಕೈಬರಹದಲ್ಲೇ ಇದೆ.

ಪ್ರಸ್ತಾವ ಮುಂದಿನ ಸಭೆಗೆ ಮತ್ತೆ ಬರುತ್ತದೆ. ಹಣದ ಪ್ರಶ್ನೆ ಎದುರಾಗದಂತೆ ಹನ್ನೆರಡು ಸಂಪುಟಗಳನ್ನು ನಾನೇ ಕೊಂಡು ಸಂಘಕ್ಕೆ ಕೊಡಲು ಸಿದ್ಧನಿದ್ದೇನೆ. ಸಮಿತಿಯ ಮಾನ್ಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಮತ ಹಾಕುವ ಮುನ್ನ ಒಂದು ಸಂಪುಟವನ್ನಾದರೂ ಮನೆಗೆ ಒಯ್ದು, ಬಲದಿಂದ ಎಡಕ್ಕೆ, ಓದಿ ಬನ್ನಿ.