ವೈದ್ಯರಾಗುವವರ ಮನಸ್ಸಿಗೆ ಮದ್ದು ಎಲ್ಲಿದೆ?

ಭಾರತದಲ್ಲಿ ಕೊರೋನಾ ಸೋಂಕು ಮೊದಲು ದೃಢಪಟ್ಟದ್ದು ಒಬ್ಬ ವೈದ್ಯಕೀಯ ವಿದ್ಯಾರ್ಥಿನಿಯಲ್ಲಿ. ಚೀನಾದ ವುಹಾನ್‌ನಿಂದ ಕೇರಳದ ತ್ರಿಶ್ಶೂರಿಗೆ ಮರಳಿದ್ದ ಆಕೆಯ ವರದಿ ಬಂದದ್ದು 2020ರ ಜನವರಿ 30ರಂದು. ಅನಂತರದ ಇಬ್ಬರೂ ವುಹಾನ್‌ನಿಂದ ಬಂದ ವಿದ್ಯಾರ್ಥಿಗಳೇ; ಅವರಲ್ಲೊಬ್ಬರು ಕಾಸರಗೋಡಿನವರು. ಮಹಾಮಾರಿಯ ಬಾಗಿಲಲ್ಲಿ ಮೊದಲು ನಿಂತವರು ಇವರು. ಆದರೆ ಆ ಎರಡು ವರ್ಷಗಳ ಲೆಕ್ಕ ಬರೆಯುವಾಗ ನಾವು ಹಾಸಿಗೆ, ಆಮ್ಲಜನಕ, ಲಸಿಕೆಗಳನ್ನು ಎಣಿಸಿದೆವು. ಈ ಮಕ್ಕಳ ಮನಸ್ಸು ಯಾವ ಪಟ್ಟಿಯಲ್ಲೂ ಸೇರಲಿಲ್ಲ.

ಬಳ್ಳಾರಿಯನ್ನೇ ನೋಡಿ. 1961ರಲ್ಲಿ ಆರಂಭವಾದ ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಹೆಸರು ಬದಲಾದರೂ ಜನರ ಬಾಯಲ್ಲಿ ಇಂದಿಗೂ ವಿಮ್ಸ್. ಸಿರುಗುಪ್ಪ, ಕುರುಗೋಡುಗಳ ಬಡ ರೋಗಿಗೆ ಅದೇ ಕೊನೆಯ ಆಸರೆ. 2020ರ ಜೂನ್ ಕೊನೆಯಲ್ಲಿ, ಕೊರೋನಾದಿಂದ ಮೃತಪಟ್ಟವರ ಶವಗಳನ್ನು ಗುಂಡಿಗೆ ಎಸೆಯುವ ಬಳ್ಳಾರಿಯ ದೃಶ್ಯ ದೇಶವನ್ನೇ ಕಲಕಿತು. ಜಿಲ್ಲಾಡಳಿತ ಕ್ಷಮೆ ಯಾಚಿಸಿತು. ಮೃತರ ಘನತೆಯ ಕುರಿತು ನಡೆದ ಆ ಚರ್ಚೆ ಅಗತ್ಯವೇ ಆಗಿತ್ತು. ಆದರೆ ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯದಲ್ಲಿ ಸಾವುಗಳನ್ನು ಸಾಲುಸಾಲಾಗಿ ಕಂಡವರ ಕುರಿತು ಅಂಥ ಚರ್ಚೆ ನಡೆಯಿತೇ?

2021ರ ಮೇ 3ರಂದು ಕೇಂದ್ರ ಸರ್ಕಾರ ಇಂಟರ್ನ್‌ಗಳನ್ನು ಕೋವಿಡ್ ಕರ್ತವ್ಯಕ್ಕೆ, ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ದೂರವಾಣಿ ಸಲಹೆಗೆ ಬಳಸಿಕೊಳ್ಳಲು ನಿರ್ಧರಿಸಿತು. ಪಿಜಿ ಪ್ರವೇಶ ಪರೀಕ್ಷೆ ಮುಂದೂಡಲ್ಪಟ್ಟಿತು. ನೂರು ದಿನ ದುಡಿದವರಿಗೆ ಗೌರವವೆಂದು ಘೋಷಿಸಲಾಯಿತು. ದೇಶಕ್ಕೆ ಅವರ ಕೈಗಳು ಬೇಕಾಗಿದ್ದವು, ಸರಿ. ಆ ನೂರು ದಿನಗಳ ಬಳಿಕ ಅವರು ನಿದ್ರಿಸುತ್ತಿದ್ದಾರೆಯೇ ಎಂದು ವಿಚಾರಿಸುವ ವ್ಯವಸ್ಥೆ ಎಲ್ಲಿತ್ತು?

2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ತನ್ನ ವರದಿ ನೀಡಿತು. ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ. 27.8ರಷ್ಟು ಮಂದಿ ತಮಗೆ ಮಾನಸಿಕ ಕಾಯಿಲೆ ಇರುವುದನ್ನು ವೈದ್ಯರು ಗುರುತಿಸಿದ್ದಾರೆ ಎಂದರು. ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇ. 31.2ರಷ್ಟು ಮಂದಿಗೆ ಒಂದು ವರ್ಷದೊಳಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು. ನಿವಾಸಿ ವೈದ್ಯರಿಂದ ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಅದು ಶಿಫಾರಸು ಮಾಡಿತು. 74 ಗಂಟೆಯೇ ಉಪಕಾರವೆನಿಸಬೇಕಾದರೆ ಈಗಿನ ಸ್ಥಿತಿ ಹೇಗಿರಬೇಕು! ಇನ್ನೊಂದು ಮಾತು: ಆ ಸಮೀಕ್ಷೆಯಲ್ಲಿ ನರ್ಸಿಂಗ್, ಲ್ಯಾಬ್ ಟೆಕ್ನೀಷಿಯನ್ ಕಲಿಕೆಯವರು ಇರಲೇ ಇಲ್ಲ. ನಮ್ಮ ಮೊಹಲ್ಲಾಗಳ ಹೆಣ್ಣುಮಕ್ಕಳು ಹೆಚ್ಚಾಗಿ ಸೇರುವುದು ಅಲ್ಲಿಗೇ.

ಸರ್ಕಾರವನ್ನು ದೂರಿ ಮುಗಿಸುವುದು ಸುಲಭ. ಮನೆಯ ಮಾತೂ ಇದೆ. ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ದುಡಿಯುವ ತಂದೆ ಸಾಲ ಮಾಡಿ ಮಗಳನ್ನು ಓದಿಸುತ್ತಾನೆ. ಲಾಕ್‌ಡೌನಿನಲ್ಲಿ ಆತನ ದುಡಿಮೆ ನಿಂತಿತು. ವಾರ್ಡಿನಲ್ಲಿ ಪಿಪಿಇ ತೊಟ್ಟು ನಿಂತ ಮಗಳು "ಅಬ್ಬಾ, ನನ್ನಿಂದಾಗದು" ಎಂದು ಹೇಗೆ ಹೇಳಿಯಾಳು? ಅದೇ 2020ರ ಏಪ್ರಿಲ್‌ನಲ್ಲಿ ತಬ್ಲೀಗ್ ಹೆಸರಿನಲ್ಲಿ ಇಡೀ ಸಮುದಾಯದ ಮೇಲೆ ರೋಗ ಹರಡಿದ ಆರೋಪ ಹೊರಿಸಲಾಗಿತ್ತು. ಹೊರಗೆ ಆ ನಂಜು. ರಜೆಯಲ್ಲಿ ಊರಿಗೆ ಬಂದರೆ ಸೋಂಕು ತಂದಾಳೆಂಬ ನೆರೆಹೊರೆಯ ಭಯ.

ಧೈರ್ಯಮಾಡಿ ಹೇಳಿದರೂ ನಾವು ಕೊಡುವ ಉತ್ತರವೇನು? ಡಾಕ್ಟರಾಗುವವಳಿಗೇ ಕಾಯಿಲೆಯೇ? ಸುದ್ದಿ ಹೊರಬಿದ್ದರೆ ನಿಕಾಹ್ ಹೇಗೆ? ಈಮಾನ್ ದುರ್ಬಲವಾಗಿದೆ, ತಾವೀಝ್ ಕಟ್ಟಿಸಿ. ನಮಾಝ್ ಮನಸ್ಸಿಗೆ ನೆಮ್ಮದಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸಕ್ಕರೆ ಕಾಯಿಲೆಯ ತಂದೆಗೆ ಇನ್ಸುಲಿನ್ ನಿಲ್ಲಿಸಿ ಬರೀ ದುಆ ಸಾಕೆನ್ನುವವರು ನಮ್ಮಲ್ಲಿ ಎಷ್ಟಿದ್ದಾರೆ? ಚಿಕಿತ್ಸೆ ಪಡೆಯಬೇಕೇ ಎಂದು ಕೇಳಿದವರಿಗೆ ಪಡೆಯಿರಿ ಎಂದೇ ಪ್ರವಾದಿವರ್ಯರು(ಸ) ಹೇಳಿದ್ದರು. ಹತ್ತನೆಯ ಶತಮಾನದಲ್ಲಿ ತೀರಿಕೊಂಡ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ, ದೇಹದಂತೆ ಮನಸ್ಸೂ ಕಾಯಿಲೆ ಬೀಳುತ್ತದೆ, ಅದಕ್ಕೂ ಉಪಚಾರವಿದೆ ಎಂದು ಗ್ರಂಥವನ್ನೇ ರಚಿಸಿದರು. ಆ ಪರಂಪರೆಯನ್ನು ಮರೆತು ಮನೋವೈದ್ಯರ ಬಾಗಿಲನ್ನು ಕಳಂಕವೆಂದು ಭಾವಿಸುವುದು ಯಾವ ದೀನ್?

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಹಾಮಾರಿಯಲ್ಲಿ ಮಯ್ಯತ್‌ಗಳಿಗೆ ಹೆಗಲು ಕೊಟ್ಟ ನಮ್ಮ ಯುವಕರು, ಮಸೀದಿ ಸಮಿತಿಗಳು ಈ ಸಂಖ್ಯೆಯನ್ನು ನಮಾಝ್ ಸಮಯದ ಫಲಕದ ಪಕ್ಕದಲ್ಲೇ ಬರೆಸಲಿ. ಮುಂದಿನ ಸಮೀಕ್ಷೆಯಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರನ್ನೂ ಸೇರಿಸಬೇಕೆಂದು ಬಳ್ಳಾರಿಯ ಜನಪ್ರತಿನಿಧಿಗಳು ಸದನದಲ್ಲಿ ಕೇಳಲಿ. ಈ ಶುಕ್ರವಾರ ಹಾಸ್ಟೆಲಿಗೆ ಕರೆ ಮಾಡುವ ತಂದೆತಾಯಿ ಅಂಕಗಳ ವಿಷಯಕ್ಕೆ ಮುನ್ನ, ರಾತ್ರಿ ನಿದ್ರೆ ಬರುತ್ತಿದೆಯೇ ಮಗಳೇ ಎಂದು ಕೇಳಲಿ.