ಅಡ್ಡಹೆಸರು ಕೇಳುವ ಮೊದಲು

ಬಾಗಲಕೋಟೆಯ ಬಸ್ ನಿಲ್ದಾಣವಾಗಲಿ, ಮದುವೆ ಮನೆಯ ಪಂಕ್ತಿಯಾಗಲಿ, ಮಠದ ದಾಸೋಹವಾಗಲಿ, ಹೊಸಬರೊಬ್ಬರು ಪಕ್ಕದಲ್ಲಿ ಕುಳಿತರೆ ಮಾತು ಒಂದೇ ದಾರಿ ಹಿಡಿಯುತ್ತದೆ. "ತಮ್ಮ ಹೆಸರೇನ್ರಿ?" ಎಂಬುದು ಮೊದಲ ಪ್ರಶ್ನೆ. "ಅಡ್ಡೆಸರು?" ಎಂಬುದು ಎರಡನೆಯದು. ಅದರಿಂದಲೂ ತಿಳಿಯದಿದ್ದರೆ ದನಿ ತುಸು ತಗ್ಗುತ್ತದೆ: "ಅಂದ್ರ ನೀವು ಯಾವ ಪೈಕಿ ಆದ್ರಿ?" ಹಣೆಯ ವಿಭೂತಿ, ಕೊರಳಿನ ಇಷ್ಟಲಿಂಗ ಕಂಡ ಮೇಲೂ ಈ ಮೂರನೆಯ ಪ್ರಶ್ನೆ ಏಕೆ ಬೇಕು? ಶರಣ ಬಂಧುಗಳ ಮುಂದೆ ಈ ಒಂದು ಮಾತನ್ನು ಇಡಬೇಕೆಂದೇ ಬರೆಯುತ್ತಿದ್ದೇನೆ.

ನಾನು ನೀರಾವರಿ ಕೆಲಸದಲ್ಲಿದ್ದವನು. ಆಲಮಟ್ಟಿ ಹಿನ್ನೀರಿಗೆ ಹೋಗುವ ಹೊಲ-ಮನೆಗಳ ಯಾದಿಗಳನ್ನು ಕೈಯಲ್ಲಿ ಹಿಡಿದು ವರ್ಷಗಟ್ಟಲೆ ತಿರುಗಿದ್ದೇನೆ. ಒಂದೊಂದು ಊರಲ್ಲಿ ನಾಲ್ಕೈದು ಜನ ಸಂಗಪ್ಪ. ಅವರಲ್ಲಿ ಇಬ್ಬರ ತಂದೆಯ ಹೆಸರೂ ಬಸಪ್ಪ. ಕಾರಣ ಸರಳ. ನಮ್ಮ ಕಡೆ ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತೇವೆ. ಬಸಪ್ಪನ ಮಗ ಸಂಗಪ್ಪ, ಸಂಗಪ್ಪನ ಮಗ ಬಸಪ್ಪ ಎಂದು ಎರಡೇ ಹೆಸರು ಒಂದು ಮನೆಯಲ್ಲಿ ತಲೆತಲಾಂತರ ಸುತ್ತುತ್ತಿರುತ್ತವೆ. ಪರಿಹಾರದ ಚೆಕ್ಕು ಯಾವ ಸಂಗಪ್ಪನದು ಎಂದು ಹೇಳುತ್ತಿದ್ದುದು ಅಡ್ಡಹೆಸರು. ಅದರ ಉಪಯೋಗ ಇದು: ಒಬ್ಬ ಸಂಗಪ್ಪನನ್ನು ಇನ್ನೊಬ್ಬ ಸಂಗಪ್ಪನಿಂದ ಬೇರೆಯಾಗಿ ಗುರುತಿಸುವುದು.

ಆ ಯಾದಿ ಓದುವುದೇ ನನಗೊಂದು ಖುಷಿಯಾಗಿತ್ತು. ಮನೆಯ ಹಿರಿಯನ ಹೆಸರಿನಿಂದ ಬಂದ ಸಂಗಣ್ಣವರ, ಮಲ್ಲಣ್ಣವರ. ಹಿಡಿದ ಅಧಿಕಾರದಿಂದ ಬಂದ ಪಾಟೀಲ, ದೇಸಾಯಿ, ಗೌಡರ. ಮಾರಿದ ಸರಕಿನಿಂದ ಬಂದ ಉಪ್ಪಿನ, ಅಕ್ಕಿ, ಬೆಲ್ಲದ, ಜವಳಿ, ಉಳ್ಳಾಗಡ್ಡಿ, ಮೆಣಸಿನಕಾಯಿ. (ಮೆಣಸಿನಕಾಯಿ ಎಂಬ ಹೆಸರು ಕೇಳಿ ನಕ್ಕ ಬೆಂಗಳೂರಿನ ಸಹೋದ್ಯೋಗಿಗಳಿಗೆ, ಇಂಗ್ಲಿಷರ ಬೇಕರ್ ಎಂದರೆ ರೊಟ್ಟಿ ಸುಡುವವ, ಸ್ಮಿತ್ ಎಂದರೆ ಕಮ್ಮಾರ ಎಂದು ನೆನಪಿಸಿದ್ದುಂಟು.) ಇನ್ನು ಊರಿನಿಂದ ಬಂದವು: ಕೆರೂರ, ಬೀಳಗಿ, ಅಮೀನಗಡ, ಹುನಗುಂದ. ಇವುಗಳಲ್ಲಿ ಒಂದು ಸ್ವಾರಸ್ಯವಿದೆ. ಬಾದಾಮಿಯಲ್ಲೇ ಇರುವವನನ್ನು ಬಾದಾಮಿ ಎಂದು ಯಾರೂ ಕರೆಯುವುದಿಲ್ಲ. ಅವನು ಇಳಕಲ್ಲಿಗೆ ಬಂದು ನೆಲೆಸಿದರೆ ಆಗ ಅವನ ಮನೆತನ ಬಾದಾಮಿ. ಅಂದರೆ ಊರಿನ ಅಡ್ಡಹೆಸರು ಎಂಬುದು ಆ ಮನೆ ಒಂದು ಕಾಲಕ್ಕೆ ಎಲ್ಲಿಂದಲೋ ಗಂಟುಮೂಟೆ ಕಟ್ಟಿ ಬಂದದ್ದರ ದಾಖಲೆ. ಕೃಷ್ಣೆ, ಘಟಪ್ರಭೆಗಳ ದಂಡೆಯ ಎಷ್ಟೋ ಊರುಗಳ ಹಳೆಯ ನೆಲ ಈಗ ಹಿನ್ನೀರಿನ ಕೆಳಗಿದೆ. ಅವುಗಳ ಹೆಸರು ಹೊತ್ತ ಮನೆಗಳು ನವನಗರದಲ್ಲಿವೆ.

ಈ ರೂಢಿ ಕನ್ನಡನಾಡಿನಲ್ಲೆಲ್ಲ ಇಲ್ಲ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಸಾಲು 1956ರವರೆಗೆ ನಾವಿದ್ದ ಮುಂಬೈ ಕಡೆಯದು. ಜಮಖಂಡಿ ಹತ್ತಿರದ ಸಾವಳಗಿಯ ಬಿ.ಡಿ. ಜತ್ತಿಯವರು ಬಸಪ್ಪ ದಾನಪ್ಪ ಜತ್ತಿ. ಅದೇ 1962ರಲ್ಲಿ ನಮ್ಮ ಬಾಗಲಕೋಟೆಯಿಂದಲೇ ವಿಧಾನಸಭೆಗೆ ಹೋದ ಎಸ್. ನಿಜಲಿಂಗಪ್ಪನವರಿಗೆ ಅಡ್ಡಹೆಸರೇ ಇಲ್ಲ. ಎಸ್ ಎಂದರೆ ಸಿದ್ಧವ್ವನಹಳ್ಳಿ. ಇಬ್ಬರೂ ಮುಖ್ಯಮಂತ್ರಿಗಳಾದರು. ಅಡ್ಡಹೆಸರು ಇಲ್ಲದ್ದಕ್ಕೆ ಒಬ್ಬರ ಲಿಂಗಾಯತತನವೇನೂ ಕಡಿಮೆಯಾಗಲಿಲ್ಲ.

ಇಟ್ಟ ಹೆಸರುಗಳಿಗೂ ನೆಲದ ನಂಟಿದೆ. ಕೂಡಲಸಂಗಮ ಹತ್ತಿರವಿರುವುದರಿಂದ ಹುನಗುಂದದ ಕಡೆ ಸಂಗಪ್ಪ, ಸಂಗಮೇಶ, ಸಂಗವ್ವ. ವಿಜಯ ಮಹಾಂತೇಶರ ಇಳಕಲ್ಲಿನಲ್ಲಿ ಮಹಾಂತಪ್ಪ, ಮಹಾಂತೇಶ, ಮಹಾಂತವ್ವ. 'ಬಸವ' ಎಂಬುದು ಸಂಸ್ಕೃತದ ವೃಷಭದ ತದ್ಭವ. ಅದಕ್ಕೆ ಅಪ್ಪ, ಅವ್ವ, ರಾಜ, ಲಿಂಗ ಸೇರಿಸಿದರೆ ಅರ್ಧ ಊರಿನ ಹಾಜರಿ ಮುಗಿಯಿತು. ವಚನಗಳ ತಾಡೋಲೆ ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರನ್ನು ದಿನವೂ ನೆನೆಯುತ್ತೇವೆ. ಆ 'ಫ' ಎಂದರೆ ಫಕೀರಪ್ಪ ಎಂಬುದು ಎಷ್ಟು ಜನರಿಗೆ ನೆನಪಿದೆ? ಅರಬ್ಬಿಯ ಫಕೀರನಿಗೆ ಕನ್ನಡದ ಅಪ್ಪ ಸೇರಿ ಆದ ಹೆಸರು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಮನೆಗಳಲ್ಲಿ ಇಂಥ ಹೆಸರನ್ನು ಯಾರೂ ಪರಕೀಯ ಎನ್ನುವುದಿಲ್ಲ.

ಅಪ್ಪ, ಅವ್ವ, ಅಣ್ಣ, ಅಕ್ಕ, ಅಯ್ಯ: ಹೆಸರಿನ ತುದಿಗೆ ನಾವು ಸೇರಿಸುವುದೆಲ್ಲ ಹೀಗೆ ಮನೆಯೊಳಗಿನ, ಗೌರವದ ಮಾತು. ನನ್ನ ತಕರಾರು ಇರುವುದು ಇಲ್ಲಿಯೇ. ಶರಣರಿಂದ ನಮಗೆ ಬಂದ ಹೆಸರುಗಳನ್ನು ನೋಡಿರಿ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಎಲ್ಲರೂ ಅಯ್ಯ. ಇಂದು ನಮ್ಮ ಊರುಗಳಲ್ಲಿ ಅಯ್ಯ ಎಂದು ಮುಗಿಯುವ ಹೆಸರು ಬಹುಮಟ್ಟಿಗೆ ಜಂಗಮ ಮನೆತನದ ಗುರುತು; ಉಳಿದವರಿಗೆ ಅಪ್ಪ. ಕೆಳಗಿನ ಓಣಿಯವನಿಗೆ ಆ ಅಪ್ಪನೂ ದಕ್ಕುವುದಿಲ್ಲ. ದಾಖಲೆಯಲ್ಲಿ ದುರಗಪ್ಪ, ಕರೆಯುವಾಗ ದುರಗ್ಯಾ. ಹೊಲವಿರುವ ಬಸಪ್ಪ ಬಸಪ್ಪನವರು. ಕೂಲಿಗೆ ಹೋಗುವ ಬಸಪ್ಪ ಎಪ್ಪತ್ತು ದಾಟಿದರೂ ಬಸ್ಯಾ. ಹೊಲದ ಮಾಲೀಕನ ಹತ್ತು ವರ್ಷದ ಮೊಮ್ಮಗನೂ ಹಾಗೆಯೇ ಕೂಗುತ್ತಾನೆ.

ಶರಣರ ಹೆಸರಿನಲ್ಲಿ ಕಾಯಕ ಮುಂದೆ ನಿಂತಿದೆ, ಯಾರಿಗೂ ಅಂಜದೆ. ನಮ್ಮ ಕಾಲಕ್ಕೆ ಅದು ಹಿಂದೆ ಹೋಗಿ ಅಡ್ಡಹೆಸರಾಯಿತು. ಈಗ ಅಲ್ಲಿಂದಲೂ ಮರೆಯಾಗುತ್ತಿದೆ. ಹಡಪದ, ಮಡಿವಾಳರ, ಕುಂಬಾರ ಎಂಬ ಅಡ್ಡಹೆಸರಿನ ಹುಡುಗರು ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕುವಾಗ ಊರಿನ ಹೆಸರು ಹೇಳಿಕೊಳ್ಳುತ್ತಾರೆ. ಅವರದು ತಪ್ಪೆಂದು ನಾನು ಹೇಳಲಾರೆ. ಅಡ್ಡಹೆಸರು ಕೇಳಿ ಮನೆ ಖಾಲಿ ಇಲ್ಲ ಎನ್ನುವವರು ಅವರಿಗೆ ಅದನ್ನು ಕಲಿಸಿದ್ದಾರೆ.

ಹಾಗಾದರೆ ಎಲ್ಲರೂ ಅಡ್ಡಹೆಸರು ಬಿಟ್ಟುಬಿಡೋಣ ಎನ್ನುವ ಸುಧಾರಕ ಗೆಳೆಯರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಪಾಟೀಲರು ಪಾಟೀಲ ಎಂಬುದನ್ನು ಬಿಟ್ಟರೆ ಕಳೆದುಕೊಳ್ಳುವುದೇನಿದೆ? ಹೊಲ, ಕಟ್ಟೆ, ಕುರ್ಚಿ ಎಲ್ಲ ಅಲ್ಲೇ ಇರುತ್ತವೆ. ಕುಂಬಾರ ಬಿಟ್ಟರೆ ಹೋಗುವುದು ತಲೆಮಾರುಗಳ ಕಾಯಕದ ನೆನಪು. ಹೆಸರು ಇರಲಿ, ಅದನ್ನು ಹಿಡಿದು ಒಳಪಂಗಡ ಅಳೆಯುವ ಚಾಳಿ ಹೋಗಲಿ. ಲಿಂಗೈಕ್ಯ ಇಳಕಲ್ಲಿನ ಮಹಾಂತ ಅಪ್ಪಗಳು ಜೋಳಿಗೆ ಒಡ್ಡಿ ಜನರ ದುಶ್ಚಟಗಳನ್ನು ಬೇಡಿದ ನೆಲ ಇದು. ಆ ಜೋಳಿಗೆಗೆ ಈ ಮೂರನೆಯ ಪ್ರಶ್ನೆಯನ್ನೂ ಹಾಕಬಹುದು.

ಮಠಗಳು ಮನಸ್ಸು ಮಾಡಿದರೆ ಇದಕ್ಕೆ ಖರ್ಚೇನೂ ಇಲ್ಲ. ಕೂಸಿಗೆ ಲಿಂಗಧಾರಣೆ ಮಾಡಿ ಹೆಸರಿಡುವಾಗ ಯಾವ ಮನೆಯವರು ಕೇಳಿದರೂ ಅಯ್ಯ ಎಂಬ ಹೆಸರನ್ನು ಹರಸಿ ಕೊಡಲಿ. ಸಾಮೂಹಿಕ ವಿವಾಹದ ಫಲಕದಲ್ಲಿ ವಧು-ವರರ ಹೆಸರು, ತಾಯಿ-ತಂದೆಯ ಹೆಸರು, ಊರು ಇಷ್ಟೇ ಇರಲಿ. ತಾಯಿಯ ಹೆಸರು ಮೊದಲು ಬಂದರೆ ಇನ್ನೂ ಒಳ್ಳೆಯದು. ವಧು-ವರರ ಸಮಾವೇಶದ ಅರ್ಜಿಯಿಂದ 'ಒಳಪಂಗಡ' ಎಂಬ ಕಾಲಂ ತೆಗೆಯಲಿ. ಬಣಜಿಗ, ಪಂಚಮಸಾಲಿ, ಗಾಣಿಗ, ಹಡಪದ ಎಂದು ಬೇರೆ ಬೇರೆ ಕಟ್ಟು ಕಟ್ಟಿ ಇಡುವ ಆ ಅರ್ಜಿಗಳನ್ನು ಬಸವಣ್ಣನವರ ಭಾವಚಿತ್ರದ ಕೆಳಗಿನ ಮೇಜಿನ ಮೇಲೆಯೇ ನೋಡಿದ್ದೇನೆ.

ಇದನ್ನು ಸಮಾವೇಶ ನಡೆಸುವ ಹಿರಿಯರೊಬ್ಬರಿಗೆ ಹೇಳಿದಾಗ ಅವರು, "ಸಾಹೇಬ್ರ, ಆ ಕಾಲಂ ತಗದ್ರ ಅರ್ಜಿ ತುಂಬವ್ರ ಇರೂದಿಲ್ರಿ" ಎಂದರು. ಒಂದು ವರ್ಷ ತೆಗೆದು ಎಷ್ಟು ಅರ್ಜಿ ಬರುತ್ತವೆ ಎಣಿಸಿ ನೋಡೋಣ ಎಂದಿದ್ದೇನೆ. ಕಾರ್ಯಕಾರಿ ಸಮಿತಿಯ ಮುಂದೆ ಇಡುವುದಾಗಿ ಒಪ್ಪಿಕೊಂಡಿದ್ದಾರೆ.