ರಾತ್ರಿ ಒಂಬತ್ತರ ಕಬಡ್ಡಿ ಯಾರಿಗೆ?

ಪ್ರೊ ಕಬಡ್ಡಿ ಲೀಗಿನ ಹನ್ನೆರಡನೇ ಸೀಸನ್ನಿನ ವೇಳಾಪಟ್ಟಿ ಬಂದ ದಿನ ಸಂಜೆ ಕೊಲ್ಹಾರದ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ಐದಾರು ಹುಡುಗರು ಒಂದೇ ಫೋನಿನ ಮೇಲೆ ಬಗ್ಗಿದ್ದರು. ನಾನು ಮೊಸರಿನ ಗಡಿಗೆ ಹಿಡಿದುಕೊಂಡು ವಿಜಯಪುರದ ಬಸ್ಸಿಗೆ ಕಾಯುತ್ತ ಪಕ್ಕದಲ್ಲೇ ನಿಂತಿದ್ದೆ.

"ಆಗಸ್ಟ್ 29ಕ್ಕ ಚಾಲೂ. ವಿಶಾಖಪಟ್ಟಣದಾಗ. ಬುಲ್ಸ್ ಮ್ಯಾಚ್ ಅವತ್ತ ಐತಿ, ಪುಣೇರಿ ಪಲ್ಟನ್ ಜೋಡಿ. ರಾತ್ರಿ ಒಂಬತ್ತಕ್ಕ."

"ಬೆಂಗಳೂರಾಗ ಯಾವಾಗಲೇ?"

"ಬೆಂಗಳೂರಾಗ ಒಂದೂ ಇಲ್ಲ. ಜೈಪುರ, ಚೆನ್ನೈ, ದಿಲ್ಲಿ. ಮುಗೀತು."

"ಅವತ್ತ ಗಣಪತಿ ಕುಂಡ್ರಿಸಿ ಮೂರನೇ ದಿನ. ನಮ್ಮದ ಪಂದ್ಯಾವಳಿ ಇರ್ತೈತಿ. ಇವರಿಗೆ ಕ್ಯಾಲೆಂಡರ್ ಗೊತ್ತಿಲ್ಲೇನ?"

"ನನಗಂತೂ ಆ ವಾರ ರಾತ್ರಿ ಪಾಳಿ. ಹೊಲಕ್ಕ ನೀರ ಹಾಯಸಾಕ ಹೋಗಬೇಕ."

ಅವರಲ್ಲೊಬ್ಬ ನನ್ನ ಕಡೆ ತಿರುಗಿ, "ಅಕ್ಕಾರ, ನೀವೂ ಕಬಡ್ಡಿ ಆಡಿದವರು. ನೀವ ಹೇಳ್ರಿ, ಇದೊಂದು ಟೈಮ್ ಏನ್ರಿ?" ಎಂದ. ಅಷ್ಟರಲ್ಲಿ ಬಸ್ಸು ಬಂತು. ಉತ್ತರ ಹೇಳದೆ ಹತ್ತಿದೆ. ಆ ಹುಡುಗರ ಸಿಟ್ಟು ಪೂರ್ತಿ ನ್ಯಾಯವಾದದ್ದು. ಆದರೆ ಅದು ಅರ್ಧ ದಾರಿಗೇ ನಿಂತುಬಿಡುತ್ತದೆ. ಬಸ್ಸಿನಲ್ಲಿ ಕೂತು ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವೇಳಾಪಟ್ಟಿ ಎಂದರೆ ದಿನ, ಜಾಗ, ಗಂಟೆ ಬರೆದ ಒಂದು ಕಾಗದ. ಅದರಲ್ಲಿ ಯಾರ ಹೆಸರೂ ಇರುವುದಿಲ್ಲ. ಆದರೂ ಅದನ್ನು ಬರೆಯುವಾಗ ಯಾರೋ ಒಬ್ಬ ನೋಡುಗ ಬರೆಯುವವರ ಕಣ್ಣ ಮುಂದೆ ಇದ್ದೇ ಇರುತ್ತಾನೆ. ರಾತ್ರಿ ಎಂಟು ಮತ್ತು ಒಂಬತ್ತು ಎಂದು ಬರೆದಾಗ ಅವರ ಕಣ್ಣ ಮುಂದಿದ್ದವನು ಆಫೀಸಿನಿಂದ ಮನೆಗೆ ಬಂದು, ಊಟಕ್ಕೆ ತಟ್ಟೆ ಹಿಡಿದು ಟಿವಿ ಮುಂದೆ ಕೂತವನು. ಪಂಪ್‌ಸೆಟ್ಟಿನ ಕರೆಂಟಿಗಾಗಿ ಬ್ಯಾಟರಿ ಹಿಡಿದು ಹೊಲಕ್ಕೆ ಹೊರಟವನಲ್ಲ. ಕ್ರೀಡಾಂಗಣದ ಬಾಗಿಲಲ್ಲಿ ಟಿಕೆಟ್ ಹಿಡಿದು ನಿಂತವನೂ ಅಲ್ಲ.

ಇದು ಆಕಸ್ಮಿಕವಲ್ಲ. 2014ರ ಜುಲೈ 26ರಂದು ಎಂಟು ತಂಡಗಳೊಂದಿಗೆ ಈ ಲೀಗ್ ಶುರುವಾಯಿತು. ಮರುವರ್ಷವೇ ಸ್ಟಾರ್ ಇಂಡಿಯಾ ಕಂಪನಿ, ಲೀಗ್ ನಡೆಸುವ ಮಷಾಲ್ ಸ್ಪೋರ್ಟ್ಸ್ ಸಂಸ್ಥೆಯ ಶೇ 74ರಷ್ಟು ಪಾಲು ಕೊಂಡಿತು. ಅಂದರೆ ಪಂದ್ಯ ನಡೆಸುವವರೂ ಪಂದ್ಯ ತೋರಿಸುವವರೂ ಒಂದೇ ಮನೆಯವರಾದರು. ಟಿವಿಯವರೇ ವೇಳಾಪಟ್ಟಿ ಬರೆದರೆ ಅದು ಟಿವಿಯ ವೇಳಾಪಟ್ಟಿಯೇ ಆಗುತ್ತದೆ. ಕಬಡ್ಡಿ ಪಂದ್ಯ ತಲಾ ಇಪ್ಪತ್ತು ನಿಮಿಷಗಳ ಎರಡು ಅವಧಿ, ನಡುವೆ ಐದು ನಿಮಿಷ ಬಿಡುವು. ಟೈಮ್‌ಔಟು, ರಿವ್ಯೂ ಸೇರಿ ಸುಮಾರು ಒಂದು ಗಂಟೆ. ಎಂಟಕ್ಕೊಂದು, ಒಂಬತ್ತಕ್ಕೊಂದು ಇಟ್ಟರೆ ಜಾಹೀರಾತಿಗೆ ಬೆಲೆ ಇರುವ ಎರಡು ಗಂಟೆ ಅಚ್ಚುಕಟ್ಟಾಗಿ ತುಂಬುತ್ತವೆ.

ಇದನ್ನು ಪೂರ್ತಿ ಕೆಟ್ಟದ್ದು ಎಂದು ನಾನು ಹೇಳಲಾರೆ. ಕಬಡ್ಡಿ ಆಡಿ ಮನೆ ಕಟ್ಟಬಹುದು, ತಂಗಿಯ ಮದುವೆ ಮಾಡಬಹುದು ಎಂದು ನಮ್ಮ ಹಳ್ಳಿಯ ಹುಡುಗರು ನಂಬಲು ಶುರು ಮಾಡಿದ್ದು ಟಿವಿ ಬಂದ ಮೇಲೆ. ಬಿ.ಸಿ. ರಮೇಶ್ ಅವರಂಥ ಆಟಗಾರ ಅರ್ಜುನ ಪ್ರಶಸ್ತಿ ಪಡೆದಾಗಲೂ ಅವರ ಮುಖ ಗುರುತು ಹಿಡಿಯದ ಊರುಗಳು ಇವು. ಇವತ್ತು ರೇಡರ್ ತೊಡೆ ತಟ್ಟುವ ರೀತಿ ನೋಡಿಯೇ ಮಕ್ಕಳು ಅವನ ಹೆಸರು ಹೇಳುತ್ತಾರೆ. ಅದು ಟಿವಿಯ ಋಣ. ಆದರೆ ಋಣ ತೀರಿಸುವುದಕ್ಕೂ ಜೀತಕ್ಕೂ ವ್ಯತ್ಯಾಸ ಇದೆ.

ಬೆಂಗಳೂರು ಬುಲ್ಸ್ ತಂಡದ ಕಥೆಯನ್ನೇ ನೋಡಿ. ಹೆಸರಿನಲ್ಲಿ ಊರಿದೆ, ವೇಳಾಪಟ್ಟಿಯಲ್ಲಿ ಊರಿಲ್ಲ. 2017ರಲ್ಲಿ ಅವರ 'ತವರಿನ ಪಂದ್ಯ'ಗಳು ನಡೆದದ್ದು ನಾಗಪುರದಲ್ಲಿ. 2019ರ ಜನವರಿ 5ರಂದು ಗುಜರಾತನ್ನು 38-33ರಿಂದ ಸೋಲಿಸಿ, ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದು ಕಪ್ ಗೆದ್ದದ್ದು ಮುಂಬೈಯಲ್ಲಿ. 2021ರ ಡಿಸೆಂಬರಿನಿಂದ ಇಡೀ ಎಂಟನೇ ಸೀಸನ್ ಬೆಂಗಳೂರಿನಲ್ಲೇ ನಡೆಯಿತು, ಆದರೆ ವೈಟ್‌ಫೀಲ್ಡಿನ ಹೋಟೆಲೊಂದರ ಸಭಾಂಗಣದೊಳಗೆ, ಒಬ್ಬ ಪ್ರೇಕ್ಷಕನೂ ಇಲ್ಲದೆ. ಕೋವಿಡ್ ಇತ್ತು, ಒಪ್ಪೋಣ. ಆದರೆ ಜನರಿಲ್ಲದೆಯೂ ಅಂಗಡಿ ನಡೆಯುತ್ತದೆ ಎಂಬ ಪಾಠವನ್ನು ಲೀಗ್ ಆ ವರ್ಷ ಕಲಿತುಬಿಟ್ಟಿತು ಎಂಬುದು ನನ್ನ ಅನುಮಾನ. ಹತ್ತನೇ ಸೀಸನ್ನಿನಲ್ಲಿ ಹನ್ನೆರಡು ಊರುಗಳಿಗೂ ಹೋದರು, 2023ರ ಡಿಸೆಂಬರಿನಲ್ಲಿ ಕಂಠೀರವ ಕ್ರೀಡಾಂಗಣ ತುಂಬಿತು. ಆಮೇಲೆ 2024ರಲ್ಲಿ ಹೈದರಾಬಾದ್, ನೊಯ್ಡಾ, ಪುಣೆ. ಈಗ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ.

ಬೆಂಗಳೂರಿನ ಅಭಿಮಾನಿಗಳು ಇದಕ್ಕೆ ಗೋಳಾಡುವಾಗ ನನಗೆ ಅರ್ಧ ಅನುಕಂಪ, ಅರ್ಧ ನಗು. ಕೊಲ್ಹಾರದಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್. ಪುಣೆ, ಹೈದರಾಬಾದು ಎರಡೂ ಅದಕ್ಕಿಂತ ಹತ್ತಿರ. ಹಾಗಾಗಿ ಹೋದ ವರ್ಷ ಬುಲ್ಸ್ 'ತವರಿನಿಂದ ದೂರ' ಆಡಿದಾಗ ನಮಗೆ ಹತ್ತಿರವೇ ಬಂದಿದ್ದರು! ನಮ್ಮ ಕಡೆಯವರಿಗೆ ಬೆಂಗಳೂರಿನ ಪಂದ್ಯವೂ ಟಿವಿಯ ಪಂದ್ಯವೇ. 'ಮಣ್ಣಿನ ಆಟ' ಎಂದು ಜಾಹೀರಾತಿನಲ್ಲಿ ಹೇಳುವವರು ಹುಬ್ಬಳ್ಳಿಗೆ, ಬೆಳಗಾವಿಗೆ, ವಿಜಯಪುರಕ್ಕೆ ಒಮ್ಮೆಯೂ ಆ ಆಟ ತಂದಿಲ್ಲ. ಕೇಳಿದರೆ ದೊಡ್ಡ ಒಳಾಂಗಣ ಕ್ರೀಡಾಂಗಣ ಬೇಕು, ವಿಮಾನ ಬೇಕು, ಹೋಟೆಲ್ ಬೇಕು ಎನ್ನುತ್ತಾರೆ. ಕಬಡ್ಡಿ ಅಂಕಣದ ಅಳತೆ 13 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮಲ್ಲಿ ರಾಶಿ ಮಾಡುವ ಕಣದಲ್ಲಿ ಹಿಡಿಸುವಷ್ಟು. ಹೋಟೆಲಿನ ಸಭಾಂಗಣದಲ್ಲಿ ಮ್ಯಾಟ್ ಹಾಸಿ ಇಡೀ ಸೀಸನ್ ಮುಗಿಸಿದವರಿಗೆ ಒಂದು ಜಿಲ್ಲಾ ಕೇಂದ್ರದಲ್ಲಿ ನಾಲ್ಕು ದಿನ ಮ್ಯಾಟ್ ಹಾಸಲು ಆಗುವುದಿಲ್ಲ ಎಂದರೆ ನಂಬುವುದು ಕಷ್ಟ.

ನಾವು ಮುಳುಗಡೆ ಊರಿನವರು. ಹಳೇ ಕೊಲ್ಹಾರ ಆಲಮಟ್ಟಿಯ ಹಿನ್ನೀರಿನಲ್ಲಿದೆ, ನಾವಿರುವುದು ಪುನರ್ವಸತಿಯ ಊರಿನಲ್ಲಿ. ದಿನಾಂಕ ಬರೆಯುವವರು ಎಲ್ಲೋ ಇರುತ್ತಾರೆ, ಅದರ ಪ್ರಕಾರ ಗಂಟುಮೂಟೆ ಕಟ್ಟುವವರು ಇಲ್ಲಿರುತ್ತಾರೆ ಎಂಬುದು ನಮ್ಮ ಹಿರಿಯರು ಕಂಡುಂಡ ಸತ್ಯ. ಆಟದ ದಿನಾಂಕವನ್ನು ಊರು ಬಿಡುವ ದಿನಾಂಕಕ್ಕೆ ಹೋಲಿಸುವುದು ಅತಿಯಾಯಿತು, ಗೊತ್ತು. ಆದರೆ 'ಅವರು ಬರೆದಾಯಿತು, ನಾವು ಹೊಂದಿಕೊಳ್ಳಬೇಕು' ಎಂಬ ಮನಸ್ಸು ಎರಡೂ ಕಡೆ ಒಂದೇ.

ಹೊಂದಿಕೊಳ್ಳಲೇಬೇಕು ಅಂತೇನಿಲ್ಲ. ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾ ಟಿವಿಯ ಅನುಕೂಲಕ್ಕಾಗಿ ಸೋಮವಾರ ರಾತ್ರಿ ಪಂದ್ಯ ಇಟ್ಟಾಗ ಅಲ್ಲಿಯ ಅಭಿಮಾನಿಗಳು ಸುಮ್ಮನೆ ಗೊಣಗಲಿಲ್ಲ. ಮರುದಿನ ಕೆಲಸಕ್ಕೆ ಹೋಗುವವನು ರಾತ್ರಿ ಪಂದ್ಯ ನೋಡಿ ದೂರದ ಊರಿಗೆ ಹೇಗೆ ಮರಳಬೇಕು ಎಂಬುದು ಅವರ ಸರಳ ಪ್ರಶ್ನೆ. 2018ರ ಫೆಬ್ರುವರಿಯಲ್ಲಿ ಫ್ರಾಂಕ್‌ಫರ್ಟ್ ಅಭಿಮಾನಿಗಳು ಟೆನಿಸ್ ಚೆಂಡುಗಳನ್ನು ಮೈದಾನಕ್ಕೆ ಎಸೆದು ಪಂದ್ಯ ನಿಲ್ಲಿಸಿದರು. ಮುಂದಿನ ಸೋಮವಾರ ಡಾರ್ಟ್ಮಂಡ್ ಕ್ರೀಡಾಂಗಣದಲ್ಲಿ ಸಾವಿರಾರು ಸೀಟು ಖಾಲಿ ಉಳಿದವು. ಅದೇ ವರ್ಷ ಲೀಗ್ ಸೋಮವಾರದ ಪಂದ್ಯ ಕೈಬಿಡುವುದಾಗಿ ಒಪ್ಪಿಕೊಂಡಿತು. ವೇಳಾಪಟ್ಟಿ ಬ್ರಹ್ಮಲಿಪಿಯೇನಲ್ಲ, ಅಳಿಸಿ ಬರೆಯಬಹುದು.

ಇಲ್ಲಿಯವರೆಗೆ ಚಹಾದಂಗಡಿಯ ಹುಡುಗರು ನನ್ನ ಮಾತಿಗೆ ಹೌದೌದು ಎಂದು ತಲೆ ಆಡಿಸಿರುತ್ತಾರೆ. ಮುಂದಿನ ಮಾತು ಅವರಿಗೆ ಸೇರಲಿಕ್ಕಿಲ್ಲ.

ನಮ್ಮ ಕಡೆಯ ಹಳ್ಳಿಗಳಲ್ಲಿ ಜಾತ್ರೆಗೆ, ಗಣಪತಿಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಯುತ್ತವೆ. ಕರಪತ್ರದಲ್ಲಿ 'ಸಾಯಂಕಾಲ 6 ಗಂಟೆಗೆ ಸರಿಯಾಗಿ' ಎಂದಿರುತ್ತದೆ. ಎಂಟಕ್ಕೆ ಮೈಕು ಬರುತ್ತದೆ. ಒಂಬತ್ತಕ್ಕೆ ಗಣ್ಯರು ಬರುತ್ತಾರೆ. ಶಾಲು, ಹಾರ, ಸತ್ಕಾರ, ಭಾಷಣ. ಮೊದಲ ರೇಡ್ ಆಗುವಾಗ ಹನ್ನೊಂದು. ಫೈನಲ್ ಮುಗಿಯುವಾಗ ನಸುಕು. ದೂರದ ಊರಿಂದ ಟಂಟಂನಲ್ಲಿ ಬಂದ ತಂಡ ಹಸಿದು, ನಿದ್ದೆಗೆಟ್ಟು ಆಡುತ್ತದೆ. ಮೊಣಕಾಲು ತಿರುಚಿದರೆ ಆ ಹೊತ್ತಿನಲ್ಲಿ ದವಾಖಾನೆ ಹುಡುಕಬೇಕು. ಇದನ್ನೆಲ್ಲ ನಾವು ಹಬ್ಬದ ಗದ್ದಲ ಎಂದು ನಕ್ಕು ಬಿಡುತ್ತೇವೆ. ಮುಂಬೈಯವರು ರಾತ್ರಿ ಒಂಬತ್ತಕ್ಕೆ ಪಂದ್ಯ ಇಟ್ಟರೆ ಅನ್ಯಾಯ, ನಾವು ರಾತ್ರಿ ಒಂದಕ್ಕೆ ಇಟ್ಟರೆ ಸಂಪ್ರದಾಯವೇ?

ಆ ಕಟ್ಟೆಯ ಸುತ್ತ ಯಾರು ಕೂತಿರುತ್ತಾರೆ ನೋಡಿ. ಗಂಡಸರು. ಹೆಣ್ಣುಮಕ್ಕಳು ಮಾಳಿಗೆಯ ಮೇಲಿಂದ ಒಂದಷ್ಟು ಹೊತ್ತು ಇಣುಕಿ, "ಸಾಕ್ ಬಾರವ್ವಾ ಒಳಗ" ಎಂದು ಕರೆದಾಗ ಇಳಿದುಹೋಗುತ್ತಾರೆ. ಹುಡುಗಿಯರ ಪಂದ್ಯ ಇಡುವುದೇ ಅಪರೂಪ. ಇಟ್ಟರೂ ಮಧ್ಯಾಹ್ನದ ಸುಡುಬಿಸಿಲಿನಲ್ಲಿ, ಮೈಕಿನವನು ವೈರು ಎಳೆಯುತ್ತಿರುವಾಗ. 'ಹೆಣ್ಣುಮಕ್ಕಳು ಬರಬೇಡಿ' ಎಂದು ಯಾವ ಕರಪತ್ರದಲ್ಲೂ ಅಚ್ಚಾಗಿರುವುದಿಲ್ಲ. ಗಂಟೆಯೇ ಅದನ್ನು ಹೇಳುತ್ತದೆ.

ದೊಡ್ಡ ಲೀಗ್ ಬೇರೆಯೇನೂ ಮಾಡಲಿಲ್ಲ. 2016ರಲ್ಲಿ ಪುರುಷರ ಪಂದ್ಯಗಳ ಜೊತೆಗೆ ಮೂರು ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ನಡೆಸಿದರು. ಜುಲೈ 31ರ ಹೈದರಾಬಾದ್ ಫೈನಲ್ಲಿನಲ್ಲಿ ಸ್ಟಾರ್ಮ್ ಕ್ವೀನ್ಸ್ ತಂಡ ಫೈರ್ ಬರ್ಡ್ಸ್ ತಂಡವನ್ನು 24-23ರಿಂದ ಸೋಲಿಸಿತು. ಒಂದೇ ಒಂದು ಪಾಯಿಂಟಿನ ಅಂತರ! ಗೆದ್ದ ತಂಡದ ನಾಯಕಿ ತೇಜಸ್ವಿನಿ ಬಾಯಿ, ಸೋತ ತಂಡದ ನಾಯಕಿ ಮಮತಾ ಪೂಜಾರಿ. ಇಬ್ಬರೂ ಕರ್ನಾಟಕದವರು, ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ. ಇಷ್ಟು ಬಿಗಿಯಾದ ಆಟ ನೋಡಿದ ಮೇಲೂ ಮರುವರ್ಷದ ವೇಳಾಪಟ್ಟಿಯಲ್ಲಿ ಮಹಿಳೆಯರಿಗೆ ಒಂದು ಗಂಟೆಯೂ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಬುಲ್ಸ್ ಪಂದ್ಯ ಬೆಂಗಳೂರಿನಲ್ಲಿಲ್ಲ ಎಂದು ಕೂಗುವವರಲ್ಲಿ ಇದನ್ನು ಕೇಳಿದವರು ನನಗೆ ಕಾಣಲಿಲ್ಲ.

ನನ್ನ ಮಾತನ್ನೂ ಹೇಳಿಬಿಡುತ್ತೇನೆ. ಹೈಸ್ಕೂಲಿನಲ್ಲಿ ನಾನು ನಮ್ಮ ತಂಡದ ಬಲ ಮೂಲೆಯ ಆಟಗಾರ್ತಿ. ಕೊಲ್ಹಾರ ಆಗಿನ್ನೂ ಬಸವನ ಬಾಗೇವಾಡಿ ತಾಲೂಕಿಗೆ ಸೇರಿತ್ತು. ಒಂದು ಕ್ರೀಡಾಕೂಟದಲ್ಲಿ ಸೆಮಿಫೈನಲ್ ತಲುಪಿದ್ದೆವು. ನಮ್ಮ ಪಂದ್ಯ ಮಧ್ಯಾಹ್ನ ಎರಡಕ್ಕೆ ಎಂದಿದ್ದರು. ಅತಿಥಿಗಳು ತಡವಾಗಿ ಬಂದರು, ಹುಡುಗರ ಪಂದ್ಯ ಮೊದಲು ಮುಗಿಯಲಿ ಎಂದರು. ಮೂರಾಯಿತು, ನಾಲ್ಕಾಯಿತು, ಐದೂವರೆ ಆಯಿತು. ನಮ್ಮ ಊರಿನ ಕಡೇ ಬಸ್ಸು ಆರಕ್ಕೆ. ನಮ್ಮನ್ನು ಕರೆದುಕೊಂಡು ಹೋಗಿದ್ದ ಟೀಚರಿಗೆ ಏಳು ಹುಡುಗಿಯರ ಏಳು ಮನೆಗೂ ಉತ್ತರ ಹೇಳಬೇಕಿತ್ತು. ಬಸ್ಸು ಹತ್ತಿಸಿದರು. ಎದುರು ತಂಡಕ್ಕೆ ವಾಕ್‌ಓವರ್ ಕೊಟ್ಟರಂತೆ. ಕಿಟಕಿಯ ಪಕ್ಕ ಕೂತು ನಮ್ಮ ನಾಯಕಿ ಅತ್ತದ್ದು ನನಗಿನ್ನೂ ನೆನಪಿದೆ. ಮರುವರ್ಷ ಅವಳ ಮದುವೆ ಆಯಿತು, ಆಟ ಅಲ್ಲಿಗೇ ನಿಂತಿತು. ನಾವು ಅಂಕಣಕ್ಕೆ ಇಳಿದು ಸೋತಿದ್ದರೆ ಮರೆತುಬಿಡುತ್ತಿದ್ದೆವೇನೋ.

ಹಾಗಾಗಿ ರಾತ್ರಿ ಒಂಬತ್ತರ ಪಂದ್ಯದ ಬಗ್ಗೆ ಹುಡುಗರು ರೇಗಿದಾಗ ನನಗೆ ಅವರ ನೋವು ಗೊತ್ತಾಗುತ್ತದೆ. ಅವರಿಗೆ ಈಗ ಒಂದು ಸೀಸನ್ನಿಗೆ ಆಗುತ್ತಿರುವುದು ನಮಗೆ ಹುಟ್ಟಿದಾಗಿನಿಂದ ಆಗುತ್ತಿದೆ.

ಲೀಗಿನವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ತಂಡದ ಹೆಸರಿನಲ್ಲಿ ಯಾವ ಊರಿದೆಯೋ ಆ ಊರಿನ ಪಂದ್ಯಗಳನ್ನು ಮೊದಲು ಬರೆಯಿರಿ, ಉಳಿದದ್ದನ್ನು ಆಮೇಲೆ ತುಂಬಿರಿ. ಭಾನುವಾರದ ಒಂದು ಪಂದ್ಯವನ್ನಾದರೂ ಸಂಜೆ ಐದಕ್ಕೆ ಇಡಿ, ಶಾಲೆಯ ಮಕ್ಕಳು ಬಂದು ನೋಡಿ ಹೊತ್ತು ಮುಳುಗುವ ಮೊದಲು ಮನೆ ಸೇರಲಿ. ಮೂರು ವರ್ಷಕ್ಕೊಮ್ಮೆಯಾದರೂ ನಾಲ್ಕು ದಿನ ಉತ್ತರ ಕರ್ನಾಟಕದ ಒಂದು ಊರಿಗೆ ಬನ್ನಿ. ಮತ್ತು ಒಂಬತ್ತು ವರ್ಷದ ಹಿಂದೆ ಮುಚ್ಚಿದ ಮಹಿಳೆಯರ ಬಾಗಿಲು ತೆರೆಯಿರಿ. ಇದರಿಂದ ಜಾಹೀರಾತಿನ ಲೆಕ್ಕ ಸ್ವಲ್ಪ ಏರುಪೇರಾಗಬಹುದು. ಆಗಲಿ. ಜನರಿಲ್ಲದ ಗ್ಯಾಲರಿಯ ಮುಂದೆ ಆಡಿದರೆ ಅದನ್ನು ಟಿವಿಯಲ್ಲಿ ನೋಡುವವರಿಗೂ ಬೇಗ ಬೇಸರ ಬರುತ್ತದೆ.

ಹುಡುಗರಿಗೆ ನನ್ನ ಬೇಡಿಕೆ ಇನ್ನೂ ಸಣ್ಣದು. ಹೋದ ವಾರ ಮತ್ತೆ ಅದೇ ಚಹಾದಂಗಡಿಯಲ್ಲಿ ಸಿಕ್ಕಾಗ ಹೇಳಿದೆ. ಈ ಸಲದ ಗಣಪತಿ ಪಂದ್ಯಾವಳಿಯಲ್ಲಿ ಹುಡುಗಿಯರ ಪಂದ್ಯಗಳೂ ಇರಲಿ. ಅವರ ಫೈನಲ್ ಸಂಜೆ ಆರೂವರೆಗೆ, ಲೈಟು ಹೊತ್ತಿಸಿ, ಸತ್ಕಾರ ಸಮಾರಂಭಕ್ಕಿಂತ ಮೊದಲು. ಹೊರಗಿನಿಂದ ಬಂದ ಹುಡುಗಿಯರನ್ನು ಎಂಟರೊಳಗೆ ಊರು ಮುಟ್ಟಿಸಲು ಒಂದು ಗಾಡಿ. ಆರೂವರೆ ಎಂದು ಅಚ್ಚಾದರೆ ಆರೂವರೆಗೇ ಸೀಟಿ ಊದಬೇಕು, ಗಣ್ಯರು ಬರಲಿ ಬಿಡಲಿ.

"ಗಣ್ಯರ ಸಿಟ್ಟಾದ್ರ ದೇಣಿಗೆ ಯಾರ ಕೊಡ್ತಾರ್ರೀ ಅಕ್ಕಾರ?" ಎಂದ ಒಬ್ಬ.

"ಬುಲ್ಸ್ ಮಾಲೀಕರೂ ಅದನ್ನ ಹೇಳ್ತಾರಪಾ ತಮ್ಮಾ," ಎಂದೆ.

ಅವನು ನಗಲಿಲ್ಲ. ಹಿರಿಯರನ್ನು ಕೇಳಿ ಹೇಳುತ್ತೇವೆ ಎಂದರು. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ.